ಗಲ್ಲಾ ತುಂಬಿದರೆ ಸಾಲದು

ಪ್ರೀತಿಯ ತಂಗಿಗೆ,



"ವ್ಯಾಪಾರವೇನೋ ಏರ್ತಾನೇ ಇದೆ ಅಕ್ಕಾ, ಆದ್ರೆ ಎಣ್ಣೆ ಟಿನ್ ತರಿಸೋಕೆ ಕೈಯಲ್ಲಿ ದುಡ್ಡಿಲ್ಲ" ಅಂದೆಯಲ್ಲ, ಆ ಮಾತು ತಲೆಯಲ್ಲೇ ಕೂತಿದೆ. ಬಾಯಲ್ಲಿ ಹೇಳಿದರೆ ಒಲೆಯ ಮುಂದೆ ನಿಂತು ಹೂಂ ಅಂದು ಮರೆತುಬಿಡುತ್ತೀಯ. ಅದಕ್ಕೇ ಈ ಕಾಗದ.

ಬ್ಯಾಂಕಿನ ಸಾಲದ ವಿಭಾಗದಲ್ಲಿ ಕೂತು ಸಣ್ಣ ಉದ್ಯಮದವರ ಲೆಕ್ಕ ನೋಡಿದವಳು ನಾನು. ಬಂದವರೆಲ್ಲ ಮೊದಲು ಹೇಳುತ್ತಿದ್ದದ್ದು ತಿಂಗಳ ವಹಿವಾಟು. ದೊಡ್ಡ ಅಂಕಿ, ಹೇಳಿಕೊಳ್ಳಲು ಚೆಂದ. ನಾಳೆ ಬೆಳಿಗ್ಗೆ ಏನು ಮಾಡಬೇಕು ಅನ್ನುವುದನ್ನು ಮಾತ್ರ ಅದು ಹೇಳುವುದಿಲ್ಲ. ದೊಡ್ಡ ಕಂಪನಿಯವರು ಕೆಲಸ ಅಳೆಯಲು ಕೆಪಿಐ ಅಂತ ಇಪ್ಪತ್ತು, ಮೂವತ್ತು ಅಂಕಿ ಇಟ್ಟುಕೊಂಡಿರಲಿ. ನಿನಗೆ ಬೇಕಾದ್ದು ನಾಲ್ಕೇ.

ಮೊದಲನೆಯದು ವಾಪಸ್ ಬಂದ ಮಾಲು. ಹಿಟ್ಟು, ಎಣ್ಣೆ, ಗ್ಯಾಸು, ಕೂಲಿ, ಪ್ಯಾಕೆಟ್ಟು ಎಲ್ಲ ಸೇರಿ ಒಂದು ಕೆಜಿ ಕೊಡುಬಳೆಗೆ ನಿನಗೆ 210 ರೂಪಾಯಿ ಬೀಳುತ್ತದೆ ಅಂತಿಟ್ಟುಕೋ. ಅಂಗಡಿಗೆ 260ಕ್ಕೆ ಹಾಕುತ್ತೀಯ. ಉಳಿಯುವುದು 50. ಒಂದು ಕೆಜಿ ವಾಪಸ್ ಬಂದು ಕಸಕ್ಕೆ ಹೋದರೆ, ಆ 210 ತುಂಬಿಸಲು ಇನ್ನೂ ನಾಲ್ಕು ಕೆಜಿಗಿಂತ ಹೆಚ್ಚು ಮಾರಬೇಕು. ನೂರಕ್ಕೆ ಎಷ್ಟು ಕೆಜಿ ವಾಪಸ್ ಬಂತು, ಯಾವ ಅಂಗಡಿಯಿಂದ, ಯಾಕೆ ಅಂತ ವಾರವಾರ ಬರೆದಿಡು. ಮೆತ್ತಗಾಗಿದ್ದರೆ ಪ್ಯಾಕಿಂಗ್ ನೋಡಬೇಕು, ಕಮಟು ವಾಸನೆ ಬಂದಿದ್ದರೆ ಎಣ್ಣೆ ನೋಡಬೇಕು, ತಾರೀಖು ಮುಗಿದಿದ್ದರೆ ಆ ಅಂಗಡಿಗೆ ಹಾಕುವುದನ್ನು ಕಡಿಮೆ ಮಾಡಬೇಕು. ಮೂರಕ್ಕೂ ಮದ್ದು ಬೇರೆ ಬೇರೆ.

ಎರಡನೆಯದು ಉದ್ರಿ ಎಷ್ಟು ದಿನದ್ದು ಅನ್ನುವುದು. ಒಟ್ಟು ಬರಬೇಕಾದ ಬಾಕಿಯನ್ನು ದಿನದ ಉದ್ರಿ ಮಾರಾಟದಿಂದ ಭಾಗಿಸು. ಬಾಕಿ 2,70,000, ದಿನಕ್ಕೆ ಉದ್ರಿಯಲ್ಲಿ ಹೋಗುವುದು 9,000 ಇದ್ದರೆ, 30 ದಿನದ ದುಡ್ಡು ಹೊರಗಿದೆ. "ಹತ್ತು ದಿನದಲ್ಲಿ ಕೊಡ್ತೀವಿ" ಅಂದವರು ತಿಂಗಳು ಎಳೆಯುತ್ತಿದ್ದಾರೆ ಅಂತ ಅರ್ಥ. ವ್ಯಾಪಾರ ಏರಿದಷ್ಟೂ ನಿನ್ನ ಕೈ ಖಾಲಿಯಾಗುತ್ತಿರುವುದು ಇದರಿಂದಲೇ ಇರಬೇಕು: ಎಣ್ಣೆಯವನಿಗೆ ಇವತ್ತೇ ಕೊಡುತ್ತೀಯ, ಅಂಗಡಿಯವರಿಂದ ಮುಂದಿನ ತಿಂಗಳು ಈಸಿಕೊಳ್ಳುತ್ತೀಯ. ಬಾಕಿ ವಸೂಲಿಗೆ ಕಾನೂನಿನ ಆಸರೆಯೂ ಇದೆ. ಸಣ್ಣ ಉದ್ದಿಮೆಗಳ ಉದ್ಯಮ್ ನೋಂದಣಿ ಮಾಡಿಸಿಲ್ಲದಿದ್ದರೆ ಈಗಲೇ ಮಾಡಿಸು. 2006ರ ಎಂಎಸ್‌ಎಂಇಡಿ ಕಾಯ್ದೆಯ ಪ್ರಕಾರ ನಿನ್ನಂಥ ಸಣ್ಣ ತಯಾರಕರಿಗೆ, ಬರಹದ ಒಪ್ಪಂದ ಇಲ್ಲದಿದ್ದರೆ 15 ದಿನದೊಳಗೆ, ಇದ್ದರೂ 45 ದಿನ ದಾಟದಂತೆ ಮಾಲು ಕೊಂಡವರು ಹಣ ಕೊಡಬೇಕು. ತಡವಾದರೆ ಬಡ್ಡಿಯೂ ಸೇರುತ್ತದೆ. ಬೀದಿ ಕೊನೆಯ ಅಂಗಡಿಯವರ ಹತ್ತಿರ ಕಾಯ್ದೆ ಮಾತಾಡಬೇಡ. ದೊಡ್ಡ ಸೂಪರ್‌ಮಾರ್ಕೆಟ್ಟಿನವರು ಎಳೆದಾಡಿದಾಗ ಉಪಯೋಗಕ್ಕೆ ಬರುತ್ತದೆ.

ಮೂರನೆಯದು ಟಿನ್ನಿನ ಲೆಕ್ಕ. 15 ಕೆಜಿ ಎಣ್ಣೆ ಟಿನ್ನಿಗೆ ಎಷ್ಟು ಕೆಜಿ ಮಾಲು ಇಳಿಯಿತು, 19 ಕೆಜಿ ಸಿಲಿಂಡರಿಗೆ ಎಷ್ಟು ಇಳಿಯಿತು ಅಂತ ಗೋಡೆಯ ಮೇಲೆ ಸೀಮೆಸುಣ್ಣದಲ್ಲಿ ಬರೆಸು. ಒಮ್ಮೆಲೇ ಕಡಿಮೆಯಾದರೆ ಒಂದೋ ಹಿಟ್ಟು ನೀರಾಗಿದೆ, ಇಲ್ಲವೇ ಎಣ್ಣೆ ಕಾಯುವ ಮೊದಲೇ ಬಿಡುತ್ತಿದ್ದಾರೆ. ಕಾಯದ ಎಣ್ಣೆಯಲ್ಲಿ ಬಿಟ್ಟ ಚಕ್ಕುಲಿ ಎಣ್ಣೆ ಹೀರುತ್ತದೆ. ಆದರೆ ಹುಷಾರು, ಎಣ್ಣೆ ಉಳಿಸಿದರೆ ಭೇಷ್ ಅಂತ ನೀನು ಹೊಗಳಲು ಶುರು ಮಾಡಿದರೆ, ಒಲೆಯ ಮುಂದಿನವರು ಕರಿದ ಎಣ್ಣೆಯಲ್ಲೇ ಮತ್ತೆ ಮತ್ತೆ ಕರಿಯುತ್ತಾರೆ. ಕರಿದಷ್ಟೂ ಎಣ್ಣೆಯಲ್ಲಿ ಹೆಚ್ಚುವ ಪೋಲಾರ್ ಕಾಂಪೌಂಡ್‌ಗಳು ಶೇ. 25 ದಾಟಬಾರದು ಎಂಬ ಎಫ್‌ಎಸ್‌ಎಸ್‌ಎಐ ನಿಯಮ 2018ರ ಜುಲೈನಿಂದಲೇ ಜಾರಿಯಲ್ಲಿದೆ. ಹಾಗಾಗಿ ಇಳುವರಿಯ ಪಕ್ಕದಲ್ಲೇ ಎಣ್ಣೆ ಬದಲಿಸಿದ ತಾರೀಖೂ ಇರಲಿ. ಯಾವ ಅಂಕಿಯನ್ನೂ ಒಂಟಿಯಾಗಿ ನಂಬಬೇಡ.

ನಾಲ್ಕನೆಯದು ಕೈಯಲ್ಲಿರುವ ದುಡ್ಡು ಎಷ್ಟು ದಿನಕ್ಕೆ ಬರುತ್ತದೆ ಅನ್ನುವುದು. ಹೊಸದಾಗಿ ಒಂದು ರೂಪಾಯಿಯೂ ಬರದಿದ್ದರೆ ಬಾಡಿಗೆ, ಕೂಲಿ, ಗ್ಯಾಸು, ಕಿರಾಣಿ ಎಷ್ಟು ದಿನ ನಡೆದೀತು? ಗೋಕುಲಾಷ್ಟಮಿ, ಗೌರಿ-ಗಣೇಶ ಹತ್ತಿರ ಬಂದಾಗ ಈ ಅಂಕಿಯನ್ನು ದಿನವೂ ನೋಡು. ಹಬ್ಬದ ಆರ್ಡರು ಕೈಗೆ ಬರುವ ಮೊದಲೇ ಸಾಮಾನಿನ ದುಡ್ಡು ಕೈಬಿಟ್ಟು ಹೋಗಿರುತ್ತದೆ.

ತಿಂಗಳಿಗೊಮ್ಮೆ ಇನ್ನೊಂದು ಸಾಲು ಬರೆ: ಏಪ್ರಿಲ್‌ನಿಂದ ಇಲ್ಲಿಯವರೆಗಿನ ಒಟ್ಟು ಮಾರಾಟ, ನಗದು, ಯುಪಿಐ ಎರಡೂ ಸೇರಿ. 2025ರ ಜುಲೈನಲ್ಲಿ ಯುಪಿಐ ಲೆಕ್ಕ ಹಿಡಿದು ವಾಣಿಜ್ಯ ತೆರಿಗೆ ಇಲಾಖೆ ನೋಟಿಸ್ ಕೊಟ್ಟಾಗ ಬೆಂಗಳೂರಿನ ಸಣ್ಣ ಅಂಗಡಿಯವರು ಕ್ಯೂಆರ್ ಕೋಡ್ ಕಿತ್ತು "ಕ್ಯಾಶ್ ಮಾತ್ರ" ಅಂತ ಬೋರ್ಡು ಹಾಕಿದ್ದು ನೆನಪಿದೆಯಲ್ಲ. ಸರಕು ಮಾರುವವರಿಗೆ ಜಿಎಸ್‌ಟಿ ನೋಂದಣಿಯ ಗೆರೆ ವರ್ಷಕ್ಕೆ 40 ಲಕ್ಷ. ಅದರ ಹತ್ತಿರ ಬರುತ್ತಿರುವುದು ಇಲಾಖೆಗಿಂತ ಮೊದಲು ನಿನಗೆ ಗೊತ್ತಿರಬೇಕು.

ಇದಕ್ಕೆ ಕಂಪ್ಯೂಟರ್ ಬೇಡ, ಇನ್ನೂರು ಪುಟದ ನೋಟ್‌ಬುಕ್ಕು ಸಾಕು. ಸೋಮವಾರ ಬೆಳಿಗ್ಗೆ ಒಲೆ ಹಚ್ಚುವ ಮೊದಲು ಅರ್ಧ ಗಂಟೆ ಕೂತು ಬರೆ. ಹಿಂದಿನ ವಾರದ ಅಂಕಿ ಪಕ್ಕದಲ್ಲಿರಲಿ, ಏನು ಬದಲಾಯಿಸುತ್ತೀಯ ಅನ್ನುವುದನ್ನು ಕೆಳಗೆ ಒಂದು ಸಾಲಿನಲ್ಲಿ ಬರೆ. ಆ ಸಾಲು ಹುಟ್ಟಿಸದ ಅಂಕಿಯನ್ನು ಹೊಡೆದು ಹಾಕು.

ಎರಡನೇ ಅಂಗಡಿ ತೆಗೆಯುವ ಆಸೆ ನಿನಗಿದೆ, ನನಗೆ ಗೊತ್ತು. ಮೂರು ತಿಂಗಳು ಇದನ್ನು ಬರೆದು ನೋಟ್‌ಬುಕ್ಕು ತಗೊಂಡು ನನ್ನ ಹತ್ತಿರ ಬಾ, ಕೂತು ಮಾತಾಡೋಣ. ಅಲ್ಲಿಯವರೆಗೆ ಹೊಸ ಸಾಲ ಮಾತ್ರ ಮಾಡಬೇಡ.

ನಿನ್ನ
ಅಕ್ಕ