ಮಯ್ಯತ್ ಗಾಡಿಯ ಚಾವಣಿ ಮೇಲೆ ಮೂರು ಭಾನುವಾರ

ಕಳೆದ ವರ್ಷದ ಮಳೆಗಾಲದಲ್ಲಿ ನನ್ನ ನಾನಿ ಬೆಂಗಳೂರಿನ ಒಂದು ಆಸ್ಪತ್ರೆಯಲ್ಲಿ ತೀರಿಕೊಂಡರು. ಅಲ್ಲೇ ಸಂಬಂಧಿಕರ ಮನೆಯಲ್ಲಿ ಗುಸ್ಲ್ ಮಾಡಿಸಿ, ಕಫನ್ ಹೊದಿಸಿ, ನಮ್ಮ ಮಸೀದಿಯ ಮಯ್ಯತ್ ಗಾಡಿಯಲ್ಲಿ ದೊಡ್ಡಬಳ್ಳಾಪುರಕ್ಕೆ ಕರೆತಂದೆವು. ಯಲಹಂಕ ದಾಟುವಾಗ ಮಳೆ ಶುರುವಾಯಿತು. ರಾಜಾನುಕುಂಟೆ ಹತ್ತಿರ ಗಾಡಿಯ ಚಾವಣಿಯಿಂದ ಒಂದು ಹನಿ ಕಫನ್ ಮೇಲೆ ಬಿತ್ತು. ಸ್ವಲ್ಪ ಹೊತ್ತಿಗೆ ಇನ್ನೊಂದು. ಮಾಮು ಏನೂ ಮಾತಾಡದೆ ಅಂಗೈ ಚಾಚಿ ಆ ಹನಿಗಳನ್ನು ಹಿಡಿಯುತ್ತಾ ಕುಳಿತರು. ಊರು ಬರುವವರೆಗೂ ಅವರು ಕೈ ಕೆಳಗಿಳಿಸಲಿಲ್ಲ.

ಆ ಕೈ ನನ್ನ ಮನಸ್ಸಿನಿಂದ ಹೋಗಲಿಲ್ಲ. ಪರೀಕ್ಷೆ ಮುಗಿದ ಮೇಲೆ ಮುತವಲ್ಲಿ ಸಾಹೇಬರ ಹತ್ತಿರ ಹೋಗಿ, "ಗಾಡಿಯ ಸೋರಿಕೆ ನಾನು ಸರಿ ಮಾಡುತ್ತೇನೆ" ಎಂದೆ. ಅವರು ನನ್ನನ್ನು ಮೇಲಿಂದ ಕೆಳಗೆ ನೋಡಿ, "ಮಾಡು ಬೇಟಾ. ಆದರೆ ಗೊತ್ತಿರುವವರನ್ನು ಒಂದು ಮಾತು ಕೇಳಿ ಮಾಡು" ಎಂದರು. ನಾನು ಯಾರನ್ನೂ ಕೇಳಲಿಲ್ಲ.

ಅದು ಹಳೆಯ ಟೆಂಪೋ ಟ್ರಾವೆಲರ್. ಮಹಲ್ಲಾದ ಜನರ ಚಂದಾದಿಂದ ಕೊಂಡದ್ದು. ಮೊದಲ ಭಾನುವಾರ ಏಣಿ ಹಾಕಿ ಮೇಲೆ ಹತ್ತಿದಾಗ ಸೋರಿಕೆಯ ಕಾರಣ ಕಂಡಿತು. ಚಾವಣಿಯ ಗಾಳಿಕಿಂಡಿಯ ಸುತ್ತ ಯಾರೋ ಬಿಳಿ ಸಿಲಿಕೋನ್ ಹಚ್ಚಿದ್ದರು. ಅದರ ಮೇಲೆ ಇನ್ಯಾರೋ ಕಪ್ಪು ಬಣ್ಣದ್ದು, ಅದರ ಮೇಲೆ ಮತ್ತೊಬ್ಬರು ಗಾಜಿನಂಥದ್ದು. ಪ್ರತಿ ಮಳೆಗಾಲಕ್ಕೂ ಒಂದೊಂದು ಪದರ. ಮೇಲಿನ ಪದರ ಎತ್ತಿದರೆ ಸಿಪ್ಪೆಯಂತೆ ಏಳುತ್ತಿತ್ತು, ಒಳಗೆ ನೀರಿತ್ತು. ಆದರೆ ತಳದ ಬಿಳಿ ಪದರ ಮಾತ್ರ ಬಣ್ಣವನ್ನು ಬಿಗಿಯಾಗಿ ಕಚ್ಚಿಕೊಂಡಿತ್ತು.

ನಾನು ಹ್ಯಾಕ್ಸಾ ಬ್ಲೇಡ್ ತೆಗೆದುಕೊಂಡು ಕೆರೆಯತೊಡಗಿದೆ. ಹತ್ತು ನಿಮಿಷದಲ್ಲಿ ಬ್ಲೇಡ್ ಜಾರಿತು. ಒಂದು ಗೇಣು ಉದ್ದಕ್ಕೆ ಬಿಳಿ ಬಣ್ಣ ಹೋಗಿ ಪ್ರೈಮರ್ ಕಂಡಿತು, ನಡುವೆ ಒಂದು ಕಡೆ ತಗಡೇ ಹೊಳೆಯಿತು. ಹೆದರಿ ಬ್ಲೇಡ್ ಬಿಟ್ಟು, ಬಟ್ಟೆಗೆ ಥಿನ್ನರ್ ಹಾಕಿ ಉಜ್ಜಿದೆ. ಬಟ್ಟೆಗೆ ಬಿಳಿ ಬಣ್ಣ ಹತ್ತಿತು. ಸಿಲಿಕೋನ್ ಮಾತ್ರ ಹಾಗೇ ಇತ್ತು. ಆಗ ನನಗೆ ಬಂದ ಯೋಚನೆಯನ್ನು ಬರೆಯಲು ನಾಚಿಕೆಯಾಗುತ್ತದೆ: ಹೊಸ ಸೀಲಂಟ್ ಅಗಲವಾಗಿ ಹಚ್ಚಿದರೆ ಗೀರು ಮುಚ್ಚಿಹೋಗುತ್ತದೆ, ಚಾವಣಿ ಮೇಲೆ ಹತ್ತಿ ಯಾರು ನೋಡುತ್ತಾರೆ?

ಸೀಲಂಟ್ ಕೇಳಲು ಹೋದಾಗ ದಾಬಸ್‌ಪೇಟೆ ರಸ್ತೆಯಲ್ಲಿರುವ ಗ್ಯಾರೇಜಿನ ಪೇಂಟರ್ ಅಣ್ಣ ನನ್ನ ಕೈಯಲ್ಲಿದ್ದ ಬಟ್ಟೆ ನೋಡಿದರು. "ಥಿನ್ನರ್ ಹಾಕಿದೆಯಾ? ಬ್ಲೇಡೂ ಹಾಕಿರುತ್ತೀಯ" ಎಂದರು. ಒಪ್ಪಿಕೊಂಡೆ. ಮುಚ್ಚಿಬಿಡೋಣ ಎಂದಾಗ ಅವರು ಬೈಯಲಿಲ್ಲ, ಲೆಕ್ಕ ಹೇಳಿದರು. "ತಗಡು ಕಂಡ ಕಡೆ ತುಕ್ಕು ಹಿಡಿಯುತ್ತೆ. ತುಕ್ಕು ಬಣ್ಣದ ಕೆಳಗೆ ಹರಿಯುತ್ತೆ. ಬಣ್ಣ ಎದ್ದರೆ ಅದರ ಮೇಲಿನ ಸೀಲಂಟೂ ಏಳುತ್ತೆ. ಮುಂದಿನ ವರ್ಷ ಮತ್ತೆ ಸೋರುತ್ತೆ, ಆಗ ತೂತೇ ಬಿದ್ದಿರುತ್ತೆ."

ಮರುದಿನ ನಮ್ಮ ಕೆಮಿಸ್ಟ್ರಿ ಮೇಡಂ ಬಳಿ ಕೇಳಿದೆ: ಥಿನ್ನರಿಗೂ ಕರಗದ ಇದು ಏನು? ಮೇಡಂ ಮೊದಲು ನನ್ನ ಮಾತು ತಿದ್ದಿದರು. ಅಂಗಡಿಯಲ್ಲಿ ಎಲ್ಲರೂ ಸಿಲಿಕಾನ್ ಎನ್ನುತ್ತಾರೆ, ಆದರೆ ಸಿಲಿಕಾನ್ ಒಂದು ಮೂಲಧಾತು, ಇದು ಸಿಲಿಕೋನ್. ಸಿಲಿಕಾನ್ ಮತ್ತು ಆಮ್ಲಜನಕ ಒಂದಾದ ಮೇಲೊಂದು ಕೂಡಿದ ಉದ್ದನೆಯ ಸರಪಳಿ. ಅದರ ಒಂದೊಂದು ಬಂಧ ಮುರಿಯಲು ಪ್ರತಿ ಮೋಲ್‌ಗೆ ಸುಮಾರು 450 ಕಿಲೋಜೂಲ್ ಬೇಕು. ಇಂಗಾಲ–ಇಂಗಾಲ ಬಂಧಕ್ಕೆ ಸುಮಾರು 350 ಸಾಕು. ಗಾಳಿಯ ತೇವದಿಂದ ಗಟ್ಟಿಯಾಗುವಾಗ ಈ ಸರಪಳಿಗಳು ಬಲೆಯಂತೆ ಒಂದಕ್ಕೊಂದು ಕೂಡಿಕೊಳ್ಳುತ್ತವೆ. ಆಮೇಲೆ ದ್ರಾವಕ ಹಾಕಿದರೆ ಅದು ಸ್ವಲ್ಪ ಉಬ್ಬೀತು, ಕರಗದು. ಹಚ್ಚುವಾಗ ಕೆಲವು ಸಿಲಿಕೋನ್‌ಗಳಿಂದ ವಿನಿಗರ್ ವಾಸನೆ ಬರುವುದು ಅಸಿಟಿಕ್ ಆಮ್ಲ ಹೊರಬರುವುದರಿಂದ. ಸಿಲಿಕೋನ್ ಎಂಬ ಹೆಸರು ಕೊಟ್ಟವರು ಇಂಗ್ಲೆಂಡಿನ ಫ್ರೆಡರಿಕ್ ಕಿಪ್ಪಿಂಗ್, 1901ರಲ್ಲಿ. ತಮ್ಮ ಪ್ರಯೋಗಗಳಲ್ಲಿ ಉಳಿಯುತ್ತಿದ್ದ ಅಂಟಂಟು ಪದಾರ್ಥದಿಂದ ಇಷ್ಟೊಂದು ಉಪಯೋಗವಾದೀತು ಎಂದು ಅವರು ಎಣಿಸಿರಲಿಲ್ಲವಂತೆ. ಕೊನೆಗೆ ಮೇಡಂ ಹೇಳಿದ್ದು: "ಕರಗಿಸಲು ಹೋಗಬೇಡ. ಅದರ ಹಿಡಿತವನ್ನು ಬಿಡಿಸು."

ಎರಡನೇ ಭಾನುವಾರ ಪೇಂಟರ್ ಅಣ್ಣ ಹೇಳಿದ ಕ್ರಮದಲ್ಲೇ ಕೆಲಸ ಮಾಡಿದೆ. ಬಿಸಿಲೇರುವ ಮುಂಚೆ ಚಾವಣಿಯನ್ನು ಸೋಪು ನೀರಿನಲ್ಲಿ ತೊಳೆದು ಒರೆಸಿದೆ. ಉಳಿದ ಮಣ್ಣಿನ ಕಣವೂ ಉಜ್ಜುವಾಗ ಬಣ್ಣವನ್ನು ಗೀರುತ್ತದೆ. ಸಿಲಿಕೋನಿನ ಎರಡೂ ಬದಿಗೆ ಮಾಸ್ಕಿಂಗ್ ಟೇಪ್ ಅಂಟಿಸಿದೆ. ಅಕ್ಕನ ಹೇರ್ ಡ್ರೈಯರಿನಿಂದ ಒಂದು ಗೇಣಿನಷ್ಟು ಜಾಗವನ್ನು ಮಾತ್ರ ಬೆಚ್ಚಗೆ ಮಾಡಿದೆ. ಬೆಚ್ಚಗೆ ಎಂದರೆ ಅಂಗೈ ಇಟ್ಟರೆ ತಡೆಯುವಷ್ಟು. ಸಿಲಿಕೋನ್ ಹೆಚ್ಚಿನ ಶಾಖವನ್ನೂ ತಡೆಯುತ್ತದೆ, ಬಣ್ಣ ತಡೆಯುವುದಿಲ್ಲ. ಆದ್ದರಿಂದ ಹೀಟ್ ಗನ್ ಬೇಡ ಎಂದಿದ್ದರು.

ಆಮೇಲೆ ಅಡಿಗೆ ದಾರ ತೂರಿಸಿ ಗರಗಸದಂತೆ ಎಳೆಯಬೇಕು. ನಮ್ಮೂರು ಮಗ್ಗದ ಊರಲ್ಲವೇ, ರೇಷ್ಮೆ ನೂಲನ್ನೇ ಹೊಸೆದು ತಂದಿದ್ದೆ. ನಾಲ್ಕು ಎಳೆತಕ್ಕೆ ತುಂಡಾಯಿತು. ಮೀನಿನ ಗಾಳದ ನೈಲಾನ್ ದಾರ ತುಂಡಾಗಲಿಲ್ಲ. ಎರಡೂ ತುದಿಗೆ ಕಡ್ಡಿ ಕಟ್ಟಿಕೊಂಡು, ಬಣ್ಣಕ್ಕೆ ಸಮಾಂತರವಾಗಿ ಎಳೆದಾಗ ಬಿಳಿ ಪದರ ಉದ್ದಕ್ಕೆ ಬಿಟ್ಟುಬಂತು. ಉಳಿದದ್ದನ್ನು ಪುಟ್ಟಿ ಹಚ್ಚುವ ಪ್ಲಾಸ್ಟಿಕ್ ಪಟ್ಟಿಯಿಂದ, ಅದೂ ಚಪ್ಪಟೆಯಾಗಿ ಮಲಗಿಸಿ ಹಿಡಿದು, ಎಬ್ಬಿಸಿದೆ. ಸಣ್ಣ ಚೂರುಗಳನ್ನು ಹೆಬ್ಬೆರಳಿನಿಂದ ಉಜ್ಜಿ ಉರುಳಿಸಿದೆ. ಸಂಜೆಗೆ ಹೆಬ್ಬೆರಳು ಉರಿಯುತ್ತಿತ್ತು, ಆದರೆ ಹೊಸ ಗೀರು ಒಂದೂ ಬಿದ್ದಿರಲಿಲ್ಲ.

ಹಾರ್ಡ್‌ವೇರ್ ಅಂಗಡಿಯಲ್ಲಿ ಸಿಲಿಕೋನ್ ತೆಗೆಯುವ ದ್ರವವೂ ಸಿಗುತ್ತದೆ. ಅದನ್ನು ನೇರವಾಗಿ ಹಚ್ಚಬಾರದು. ಬಾಗಿಲಿನ ಅಡಿ, ಯಾರಿಗೂ ಕಾಣದ ಕಡೆ ಒಂದು ಹನಿ ಹಾಕಿ, ಸ್ವಲ್ಪ ಹೊತ್ತು ಬಿಟ್ಟು, ಬಿಳಿ ಬಟ್ಟೆಯಿಂದ ಒರೆಸಿ ನೋಡಬೇಕು. ಬಟ್ಟೆಗೆ ಬಣ್ಣ ಹತ್ತದಿದ್ದರೆ ಮಾತ್ರ ಮುಂದಿನ ಮಾತು.

ಎಲ್ಲ ಹೋಯಿತು ಎಂದುಕೊಂಡಿದ್ದೆ. ಪೇಂಟರ್ ಅಣ್ಣ ಬಂದು ನೀರು ಚಿಮುಕಿಸಿದರು. ಸ್ವಚ್ಛವಾದ ಕಡೆ ನೀರು ಹರಡಿತು. ಸಿಲಿಕೋನ್ ಇದ್ದ ಜಾಗದಲ್ಲಿ ಕೆಸುವಿನೆಲೆಯ ಮೇಲಿನಂತೆ ಹನಿಹನಿಯಾಗಿ ನಿಂತಿತು. ಕಣ್ಣಿಗೆ ಕಾಣದ ತೆಳು ಪೊರೆ ಇನ್ನೂ ಇತ್ತು. ಅದರ ಮೇಲೆ ಬಣ್ಣ ಹೊಡೆದರೆ ಸಣ್ಣ ಸಣ್ಣ ಕುಳಿಗಳು ಬೀಳುತ್ತವೆ. ಪೇಂಟರುಗಳು ಅದಕ್ಕೆ 'ಫಿಶ್ ಐ', ಅಂದರೆ ಮೀನಿನ ಕಣ್ಣು, ಎನ್ನುತ್ತಾರೆ. ಮೊದಲೇ ಸ್ಯಾಂಡ್‌ಪೇಪರ್ ಉಜ್ಜಿದರೆ ಆ ಪೊರೆ ಗೀರಿನೊಳಗೇ ಸೇರಿಕೊಳ್ಳುತ್ತದೆ. ಹಾಗಾಗಿ ಐಸೊಪ್ರೊಪೈಲ್ ಆಲ್ಕೋಹಾಲ್ ಅದ್ದಿದ ಬಟ್ಟೆಯಿಂದ ಒರೆಸಿ, ಅದು ಒಣಗುವ ಮುಂಚೆ ಇನ್ನೊಂದು ಒಣ ಬಟ್ಟೆಯಿಂದ ಎತ್ತಬೇಕು. ಪ್ರತಿ ಸಲವೂ ಬಟ್ಟೆಯ ಹೊಸ ಮಡಿಕೆ. ಇಲ್ಲದಿದ್ದರೆ ಒಂದು ಕಡೆಯ ಕೊಳೆಯನ್ನು ಇನ್ನೊಂದು ಕಡೆಗೆ ಹಚ್ಚಿದಂತೆ. ಐದನೇ ಸಲಕ್ಕೆ ನೀರು ಎಲ್ಲ ಕಡೆ ಒಂದೇ ಸಮ ಹರಡಿತು.

ಮಗ್ರಿಬ್ ನಮಾಜಿನ ನಂತರ ಮುತವಲ್ಲಿ ಸಾಹೇಬರ ಮುಂದೆ ನಿಂತು ಗೀರಿನ ವಿಷಯ ಹೇಳಿದೆ. ಗಾಡಿ ನನ್ನದಲ್ಲ, ಅಮಾನತ್. ಕೇಳದೆ ಮಾಡಿದೆ, ಕೆಡಿಸಿದೆ ಎಂದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು ಕೇಳಿದರು: "ಹೇಳಿದ್ದು ಒಳ್ಳೆಯದಾಯಿತು. ಈಗ ಏನು ಮಾಡಬೇಕು?" ಗೀರನ್ನು ಉಜ್ಜಿ, ಪ್ರೈಮರ್ ಹೊಡೆದು, ಬಣ್ಣ ಹಚ್ಚಿ ಒಣಗಲು ಬಿಡಬೇಕು ಎಂದೆ. "ಖರ್ಚಿನ ಚೀಟಿ ತಂದುಕೊಡು, ಲೆಕ್ಕದ ಪುಸ್ತಕದಲ್ಲಿ ಬರೆಯೋಣ" ಎಂದರು. ನನ್ನ ಪಾಕೆಟ್ ಮನಿಯಿಂದ ಕೊಡುತ್ತೇನೆ ಎಂದದ್ದಕ್ಕೆ ನಕ್ಕರು. ಅರ್ಧ ಮಾತ್ರ ತೆಗೆದುಕೊಂಡರು.

ಮೂರನೇ ಭಾನುವಾರ ಸೀಲ್ ಮಾಡಬೇಕಿತ್ತು. ಮಯ್ಯತ್ ಗಾಡಿಗೆ ರಜೆ ಇಲ್ಲ, ಯಾವ ಹೊತ್ತಿಗೆ ಫೋನ್ ಬರುತ್ತದೋ ಗೊತ್ತಿಲ್ಲ. ಆದ್ದರಿಂದ ಸಾಹೇಬರು ಪಕ್ಕದ ಮಹಲ್ಲಾದವರಿಗೆ ಹೇಳಿ ಅವರ ಗಾಡಿಯನ್ನು ಎರಡು ದಿನ ತಯಾರಿಟ್ಟಿರಲು ಕೇಳಿಕೊಂಡಿದ್ದರು. ಈ ಸಲ ಸಿಲಿಕೋನ್ ಅಲ್ಲ, ಪಾಲಿಯುರಿಥೇನ್ ಸೀಲಂಟ್ ಹಚ್ಚಿದೆವು. ಬೇಕಾದಾಗ ಅದರ ಮೇಲೆ ಬಣ್ಣ ಹೊಡೆಯಬಹುದು. ಒಂದೇ ಪದರ, ಒಂದೇ ಎಳೆತ. ಸೀಲಂಟ್ ಬಿಗಿಯುವ ಮುಂಚೆ ಟೇಪ್ ಎಳೆದು ತೆಗೆದೆವು.

ಈ ಜೂನ್‌ನಲ್ಲಿ ಒಂದು ರಾತ್ರಿ ಜೋರು ಮಳೆಯಲ್ಲೇ ಗಾಡಿ ಬೆಂಗಳೂರಿಗೆ ಹೋಯಿತು. ಯಾರ ಮನೆಯವರೋ ನನಗೆ ಗೊತ್ತಿಲ್ಲ. ಬೆಳಗ್ಗೆ ದಫನ್ ಮುಗಿದ ಮೇಲೆ ಗಾಡಿ ಮಸೀದಿಯ ಮುಂದೆ ನಿಂತಿತ್ತು. ಒಳಗೆ ಹತ್ತಿ, ಮಾಮು ಅಂದು ಕುಳಿತಿದ್ದ ಜಾಗದಲ್ಲಿ ಕುಳಿತು, ಮೇಲಕ್ಕೆ ಕೈ ಚಾಚಿ ಗಾಳಿಕಿಂಡಿಯ ಸುತ್ತ ಬೆರಳಾಡಿಸಿದೆ. ಒಣಗಿತ್ತು.