ಕುಡಿಯದ ನೀರು

ಏಪ್ರಿಲ್ ಬಂತೆಂದರೆ ನಮ್ಮ ಬೈಲಹೊಂಗಲ ಸೀಮೆಯ ಕಟ್ಟೆಗಳ ಮೇಲೆ ಒಂದೇ ಮಾತು. "ಇಂಥಾ ಬಿಸಲ ನಾ ಹುಟ್ಟಿದಾಗಿಂದ ನೋಡಿಲ್ಲ ನೋಡ್ರಿ." ಹೋದ ವರ್ಷವೂ ಅದೇ ಕಟ್ಟೆಯ ಮೇಲೆ ಅದೇ ಅಜ್ಜ ಇದನ್ನೇ ಅಂದಿದ್ದ.

ನಮ್ಮವ್ವ ಮಾತ್ರ ಕಡೆತನಕ ಇದನ್ನು ಒಪ್ಪಲಿಲ್ಲ. ಆಕೆಗೆ ಬಿಸಿಲೆಂದರೆ ೧೯೭೨ರ ಬರಗಾಲದ್ದೇ. ನಾನಾಗ ಎದೆಹಾಲು ಕುಡಿಯುವ ಕೂಸು. ಸವದತ್ತಿ ಕಡೆಯ ನಮ್ಮ ಹಳ್ಳಿಯಲ್ಲಿ ಬಾವಿಯ ತಳ ಕಂಡಿತ್ತು. ಹೆಣ್ಣುಮಕ್ಕಳು ರಾತ್ರಿಯೆಲ್ಲ ಪಾಳಿ ಹಚ್ಚಿ ಕೂತು, ಒಸರಿದ ನೀರನ್ನು ಚರಿಗೆಯಿಂದ ಮೊಗೆದು ಕೊಡ ತುಂಬುತ್ತಿದ್ದರಂತೆ. ಅವ್ವ ಕಾಮಗಾರಿಗೆ ಕಲ್ಲು ಒಡೆಯಲು ಹೋಗುವಾಗ ನನ್ನನ್ನು ಜಾಲಿಗಿಡಕ್ಕೆ ಸೀರೆಯ ಜೋಳಿಗೆ ಕಟ್ಟಿ ಮಲಗಿಸುತ್ತಿದ್ದಳು. ಆಕೆಯ ಅಜ್ಜಿಗೆ ಅದೂ ದೊಡ್ಡದಲ್ಲ. ಆಕೆ ಹಿರಿಯರಿಂದ ಕೇಳಿದ ಧಾತು ಸಂವತ್ಸರದ ಬರ, ಅಂದರೆ ೧೮೭೬-೭೭ರ ಕತೆ ತೆಗೆಯುತ್ತಿದ್ದಳಂತೆ. ಅವ್ವ ಹೇಳಿದ್ದರಲ್ಲಿ ಒಂದು ಮಾತು ನನಗೆ ಬಹಳ ದಿನ ತಿಳಿದಿರಲಿಲ್ಲ. "ನೀರ ಇದ್ದರೂ ಕುಡೀತಿದ್ದಿಲ್ಲ ಯವ್ವಾ. ಕುಡದ ಎಲ್ಲಿಗೆ ಹೋಗೂದು? ಸುತ್ತೆಲ್ಲಾ ಗಂಡಸರು."

ನಾನು ಸಮಾಜ ಪಾಠ ಮಾಡುವವಳು. ಬಿಸಿಲಿಗೂ ಇಸವಿ ಬೇಕು ನನಗೆ. ನಮ್ಮ ರಾಜ್ಯದ ದಾಖಲೆಯ ಬಿಸಿಲು ರಾಯಚೂರಿನದು, ೧೯೨೮ರ ಮೇ ೨೩ರಂದು ೪೫.೬ ಡಿಗ್ರಿ. ಈ ಲೆಕ್ಕವೆಲ್ಲ ನೆರಳಿನ ಪೆಟ್ಟಿಗೆಯಲ್ಲಿಟ್ಟ ಮಾಪಕದ್ದು ಎಂದು ಹೇಳಿದಾಗ ಹುಡುಗರು ನಂಬುವುದಿಲ್ಲ. ಕಲ್ಲು ಒಡೆಯುವವಳ ನೆತ್ತಿಯ ಮೇಲೆ ಎಷ್ಟಿತ್ತೆಂದು ಯಾರೂ ಬರೆದಿಟ್ಟಿಲ್ಲ.

ತಂಗಿಯನ್ನು ಕಾರವಾರಕ್ಕೆ ಕೊಟ್ಟಿದ್ದೇವೆ. ಮೊದಲ ಸಲ ಮೇ ತಿಂಗಳಲ್ಲಿ ಹೋದಾಗ, "ಮೂವತ್ನಾಕು ಡಿಗ್ರಿ ಅಂದ್ರ ನಮಗ ಚಳಿಗಾಲವಾ" ಎಂದು ಜಂಬ ಕೊಚ್ಚಿದೆ. ಎರಡು ತಾಸಿನಲ್ಲಿ ಜಂಬ ಇಳಿಯಿತು. ಬೆವರು ಸುರಿಯುತ್ತದೆ, ಆರುವುದೇ ಇಲ್ಲ. ಹಗಲಿನ ಸೆಕೆ ರಾತ್ರಿಯೂ ಬಿಡಲೊಲ್ಲದು. ಆಕೆಯ ಅತ್ತೆ ಮುರುಗಲ ಪಾನಕ ಕೊಟ್ಟು ನಕ್ಕರು. ನಮ್ಮಲ್ಲಿ ಮಣ್ಣಿನ ಹರವಿಯ ನೀರು ಐಸಿನಂತೆ ತಣ್ಣಗಿರುತ್ತದೆ, ಅಲ್ಲಿ ಅಷ್ಟು ತಣ್ಣಗಾಗುವುದಿಲ್ಲ. ಹರವಿ ಒಸರಬೇಕು, ಒಸರಿದ್ದು ಗಾಳಿಗೆ ಆರಬೇಕು, ಆಗಲೇ ಒಳಗೆ ತಂಪು. ಕಡಲ ದಂಡೆಯ ಗಾಳಿಯಲ್ಲಿ ಮೊದಲೇ ನೀರು ತುಂಬಿರುತ್ತದೆ. ಮೈಯೂ ಒಂದು ಹರವಿಯೇ. ಹವಾಮಾನ ಇಲಾಖೆಯವರು ಬಿಸಿಗಾಳಿಯ ಎಚ್ಚರಿಕೆಗೆ ಬಯಲುಸೀಮೆಯಲ್ಲಿ ಕನಿಷ್ಠ ೪೦ ಡಿಗ್ರಿ ಬೇಕೆಂದರೆ ಕರಾವಳಿಗೆ ೩೭ಕ್ಕೇ ಲೆಕ್ಕ ಹಿಡಿಯುತ್ತಾರೆ. ೨೦೨೩ರಲ್ಲಂತೂ ಮಾರ್ಚ್ ತಿಂಗಳಲ್ಲೇ ಕರಾವಳಿಗೆ ಆ ಎಚ್ಚರಿಕೆ ಬಂತು. ತಂಗಿ ಫೋನ್ ಮಾಡಿ, "ಅಕ್ಕಾ, ಈಗರೆ ನಂಬತೀ?" ಅಂದಳು.

ಹರವಿಯ ವಿಚಾರ ಇಷ್ಟು ತಿಳಿದವಳು ನನ್ನ ಹರವಿಯನ್ನೇ ಖಾಲಿ ಇಟ್ಟುಕೊಂಡಿದ್ದೆ. ೨೦೧೬ರ ಏಪ್ರಿಲ್. ಮಿರಜದಿಂದ ಲಾತೂರಿಗೆ ರೈಲಿನಲ್ಲಿ ನೀರು ಹೋಯಿತೆಂದು ಪೇಪರಿನಲ್ಲಿ ಓದಿ ಕಣ್ಣೊರೆಸಿಕೊಂಡವಳು, ನನ್ನ ಚೀಲದ ಬಾಟಲಿಯನ್ನು ಸಂಜೆ ಹಾಗೇ ಮನೆಗೆ ತರುತ್ತಿದ್ದೆ. ಎಸ್ಸೆಸ್ಸೆಲ್ಸಿ ಪೇಪರು ತಿದ್ದಲು ಹೋಗಿದ್ದ ಕಡೆ ಹೆಂಗಸರಿಗೆಂದು ಇದ್ದ ಒಂದು ಪಾಯಖಾನೆಯಲ್ಲಿ ನೀರೇ ಇರಲಿಲ್ಲ. ಅದೇನು ಹೊಸದಲ್ಲ, ಇಪ್ಪತ್ತು ವರ್ಷದ ರೂಢಿ. ಐದನೆಯ ದಿನ ಸೊಂಟದಲ್ಲಿ ಸುರುವಾದ ನೋವು ನನ್ನನ್ನು ಬಸ್ಸಿನಲ್ಲೇ ನೆಲಕ್ಕೆ ಕೂಡ್ರಿಸಿತು. ಮೂತ್ರಪಿಂಡದಲ್ಲಿ ಹರಳು. ಡಾಕ್ಟರು ಚೀಟಿ ಬರೆಯುತ್ತ ಕೇಳಿದರು: "ದಿನಕ್ಕ ಎಷ್ಟ ನೀರ ಕುಡೀತೀರಿ, ಅಕ್ಕೋರ?" ಉತ್ತರ ಹೇಳಲು ನಾಚಿಕೆಯಾಯಿತು. ಅವ್ವನ ಮಾತು ಅರ್ಥವಾದದ್ದು ಆ ಹೊತ್ತು.

೨೦೧೯ರ ಕೊನೆಗೆ, ಕೇರಳದ ಶಾಲೆಗಳನ್ನು ನೋಡಿ ನಮ್ಮ ರಾಜ್ಯದಲ್ಲೂ ನೀರಿನ ಗಂಟೆ ಬಂತು. ಗಂಟೆ ಬಾರಿಸಿದಾಗ ಮಕ್ಕಳು ನೀರು ಕುಡಿಯಬೇಕು. ಗಂಡುಹುಡುಗರು ಗಟಗಟ ಕುಡಿದರು. ಹುಡುಗಿಯರು ಬಾಟಲಿಯ ಮುಚ್ಚಳ ತೆಗೆದು ತುಟಿ ಒದ್ದೆ ಮಾಡಿಕೊಂಡರು. ಒಂಬತ್ತನೆಯ ವರ್ಗದ ಒಬ್ಬಳು, "ಮನ್ಯಾಗ ಕುಡದ ಬಂದೀನ್ರಿ ಅಕ್ಕೋರ" ಅಂದಳು. ಆ ಸುಳ್ಳು ನನಗೆ ಹೊಸದಲ್ಲ, ನಾನೂ ಎಷ್ಟೋ ಸಲ ಹೇಳಿದ್ದೆ. ಪಾಯಖಾನೆಗೆ ಬೀಗ, ಬೀಗದ ಕೈ ಆಫೀಸಿನ ಮೊಳೆಗೆ. ಅಷ್ಟು ಜನ ಮಾಸ್ತರರ ನಡುವೆ ಹೋಗಿ ಯಾವ ಹುಡುಗಿ ಕೇಳಿಯಾಳು?

ಜಗಳವೇನೂ ಆಗಲಿಲ್ಲ. ಕೇಳಿದೆ, ಕೊಟ್ಟರು. ಈಗ ಆ ಬೀಗದ ಕೈ ನನ್ನ ಸೊಂಟದ ಗೊಂಚಲಿನಲ್ಲಿದೆ. ಮುಂಜಾನೆ ಸಿಪಾಯಿ ಬ್ಯಾರಲ್ಲಿಗೆ ನೀರು ತುಂಬಿದನೋ ಇಲ್ಲವೋ ನೋಡಿ ಬರುತ್ತೇನೆ, ಬೀಗ ತೆಗೆದಿಡುತ್ತೇನೆ. ಗಂಟೆಯಾದಾಗ ಹುಡುಗಿಯರ ಎದುರಿಗೇ ನಿಂತು ತಂಬಿಗೆ ಎತ್ತಿ ಕುಡಿಯುತ್ತೇನೆ. ಮೊದಲ ವಾರ ಆ ಹುಡುಗಿ ಎರಡು ಗುಟುಕು ಕುಡಿದಳು. ಆ ವರ್ಷ ಶಿವರಾತ್ರಿಯ ಹೊತ್ತಿಗೆ, ಖಾಲಿ ಬಾಟಲಿ ಹಿಡಿದುಕೊಂಡು ಬಾಗಿಲಲ್ಲಿ ನಿಂತು ಕೇಳಿದಳು: "ತುಂಬಿಸ್ಕೊಂಡ ಬರ್ಲೇನ್ರಿ ಅಕ್ಕೋರ?"