ಜೀಪಿಗೊಂದು ಹೊಸ ಹುಡ್ಡು

ಬಟ್ಟೆಯ ಚಾವಣಿಯ ಕಾರು ಎಂದರೆ ಈಗಿನ ಮಕ್ಕಳ ಕಣ್ಣಿಗೆ ಬರುವುದು ಸಿನಿಮಾದ ಕೆಂಪು ಸ್ಪೋರ್ಟ್ಸ್ ಕಾರು. ಗುಂಡಿ ಒತ್ತಿದರೆ ಮಾಡು ಮಡಚಿಕೊಂಡು ಹಿಂದಕ್ಕೆ ಹೋಗುತ್ತದೆ, ನಾಯಕನ ಕೂದಲು ಗಾಳಿಗೆ ಹಾರುತ್ತದೆ. ನಮ್ಮ ಬಂಗಾರಪೇಟೆ, ಕೆಜಿಎಫ್ ಕಡೆಯಲ್ಲಿ ಬಟ್ಟೆಯ ಮಾಡಿನ ವಾಹನ ಎಂದರೆ ಜೀಪು. ಅದರ ಮಾಡಿಗೆ ಎಲ್ಲರೂ ‘ಹುಡ್ಡು’ ಎನ್ನುತ್ತಿದ್ದರು. ಅದನ್ನು ಇಳಿಸಿದರೆ ಗಾಳಿಗಿಂತ ಮೊದಲು ಸಿಗುತ್ತಿದ್ದುದು ಸೈನೈಡ್ ದಿಬ್ಬದ ಧೂಳು.

ಹಾಗೆ ನೋಡಿದರೆ ಮೊದಮೊದಲಿನ ಕಾರುಗಳೆಲ್ಲ ಬಟ್ಟೆ ಹೊದ್ದವೇ. 1920ರ ದಶಕದ ಹೊತ್ತಿಗೆ ಮುಚ್ಚಿದ ಕಾರುಗಳು ಹೆಚ್ಚಾದವು, ಬಟ್ಟೆಯ ಮಾಡು ಶೋಕಿಯ ಸಾಮಾನಾಗಿ ಉಳಿಯಿತು. ಎರಡನೆಯ ಮಹಾಯುದ್ಧದ ಜೀಪು ಮಾತ್ರ ಶೋಕಿಗಾಗಿ ಅಲ್ಲ, ತೂಕ ಉಳಿಸುವುದಕ್ಕಾಗಿ ಕ್ಯಾನ್ವಾಸ್ ಹೊದ್ದುಕೊಂಡಿತು. ಅದೇ ಜೀಪನ್ನು ಸ್ವಾತಂತ್ರ್ಯ ಬಂದ ಆಸುಪಾಸಿನಲ್ಲಿ ಮಹೀಂದ್ರ ಕಂಪೆನಿಯವರು ನಮ್ಮ ದೇಶದಲ್ಲಿ ಜೋಡಿಸಲು ಶುರು ಮಾಡಿದರು. 2010ರಲ್ಲಿ ಬಂದ ಥಾರ್‌ವರೆಗೆ ಆ ವಂಶ ಬಟ್ಟೆಯ ಮಾಡನ್ನು ಬಿಡಲಿಲ್ಲ. ರಾಬರ್ಟ್‌ಸನ್‌ಪೇಟೆಯಲ್ಲಿ ಹೋದ ತಿಂಗಳು ಅಂಥದ್ದೊಂದು ಹೊಚ್ಚ ಹೊಸ ಗಾಡಿ ನಿಂತಿತ್ತು. ಅದರ ಬೆಲೆ ಕೇಳಿದಾಗ ನನಗೆ ನಮ್ಮ ತಂದೆಯವರ ಜೀಪು ನೆನಪಾಗಿ ನಗು ಬಂತು.

ಅಪ್ಪ ಜೀಪಿಟ್ಟದ್ದು ಮಕ್ಕಳನ್ನು ಶಾಲೆಗೆ ಮುಟ್ಟಿಸುವುದಕ್ಕೆ. ಬಂಗಾರಪೇಟೆಯಿಂದ ಮಾರಿಕುಪ್ಪಂಗೆ 1894ರಿಂದ ರೈಲಿದೆ, ನಿಜ. ಆದರೆ ರೈಲು ಹಳ್ಳಿಯ ಬಾಗಿಲಿಗೆ ಬರುವುದಿಲ್ಲವಲ್ಲ! ಸುತ್ತಮುತ್ತಲ ಮೂರು ಹಳ್ಳಿಗಳಿಂದ ಹನ್ನೊಂದು ಮಕ್ಕಳನ್ನು ಹತ್ತಿಸಿಕೊಂಡು, ಬೆಮೆಲ್ ನಗರದ ಮೇಲೆ ಹಾದು ಕೆಜಿಎಫ್‌ನ ಶಾಲೆಗಳ ಮುಂದೆ ಇಳಿಸುವುದು, ಸಂಜೆ ಮತ್ತೆ ಕರೆತರುವುದು. ಹನ್ನೊಂದು ಎನ್ನುವಾಗ ಈಗಿನ ಪೋಷಕರು ಹುಬ್ಬೇರಿಸಬಹುದು. ಆಗ ಅದು ಕಡಿಮೆ ಎನ್ನುವವರೇ ಹೆಚ್ಚು.

1998ರ ಬೇಸಿಗೆ. ಭರಣಿ ಮಳೆಯ ಜೊತೆ ಆಲಿಕಲ್ಲು ಬಿದ್ದು ಹುಡ್ಡು ಮೂರು ಕಡೆ ಸೀಳಿತು. ಅದೇ ತಿಂಗಳು ಅಕ್ಕನ ಎರಡನೇ ಪಿಯುಸಿ ಫಲಿತಾಂಶ ಬಂದಿತ್ತು. ಗಣಿತದಲ್ಲಿ ಒಳ್ಳೆಯ ಅಂಕ. ಸಿಇಟಿಯಲ್ಲಿ ‘ಫ್ರೀ ಸೀಟು’ ಸಿಕ್ಕರೆ ಎಂಜಿನಿಯರಿಂಗ್, ಇಲ್ಲದಿದ್ದರೆ ಬಿಎಸ್ಸಿ. ‘ಪೇಮೆಂಟ್ ಸೀಟಿ’ನ ಮಾತು ನಮ್ಮ ಮನೆಯಲ್ಲಿ ಯಾರೂ ಎತ್ತುವಂತಿರಲಿಲ್ಲ. ಫ್ರೀ ಎಂದು ಹೆಸರಿದ್ದರೂ ಫೀಸು, ಹಾಸ್ಟೆಲು, ಪುಸ್ತಕ ಎಂದು ಖರ್ಚಿದ್ದೇ ಇರುತ್ತದೆ. ಅದಕ್ಕಾಗಿ ಅಮ್ಮ ಆರು ಸಾವಿರ ಕೂಡಿಸಿಟ್ಟಿದ್ದಳು. ಹೊಸ ಹುಡ್ಡಿಗೆ ಬೇಕಾದದ್ದು ಮೂರೂವರೆ ಸಾವಿರ. ಜೂನ್ ಮೊದಲ ವಾರ ಶಾಲೆ ತೆರೆಯುವುದರೊಳಗೆ ಹುಡ್ಡು ಆಗದಿದ್ದರೆ ಮಕ್ಕಳು ಬೇರೆ ಗಾಡಿ ಹತ್ತುತ್ತಾರೆ. ಒಮ್ಮೆ ಹೋದ ಮಕ್ಕಳು ನಡುವರ್ಷದಲ್ಲಿ ವಾಪಸು ಬರುವುದಿಲ್ಲ. ಅವರು ಬಾರದಿದ್ದರೆ ಆ ಆರು ಸಾವಿರ ಮುಗಿದ ಮೇಲೆ ಎರಡನೇ ವರ್ಷದ ಫೀಸು ಎಲ್ಲಿಂದ? ಅಪ್ಪ ಎರಡು ರಾತ್ರಿ ಈ ಲೆಕ್ಕವನ್ನೇ ಹಾಕುತ್ತ ಜಗಲಿಯ ಮೇಲೆ ಕೂತಿದ್ದರು. ನಾನಾಗ ಎಂಟನೇ ತರಗತಿ. ಅವರ ಬೀಡಿಯ ಕೆಂಡ ಮಾತ್ರ ಕತ್ತಲಲ್ಲಿ ಕಾಣುತ್ತಿತ್ತು.

ಹುಡ್ಡು ಹೊಲಿಯುವ ಮೇಸ್ತ್ರಿ ಇದ್ದದ್ದು ಊರಿಗಾಂ ಕಡೆಯ ಲೈನ್ ಮನೆಯಲ್ಲಿ. ಗಣಿಯಿಂದ ನಿವೃತ್ತರಾದವರು. ಭೂಮಿಯೊಳಗೆ ಗಾಳಿ ಸಾಗಿಸುವ ಕ್ಯಾನ್ವಾಸ್ ಕೊಳವೆಗಳನ್ನು ಹೊಲಿದು ಕೈ ಪಳಗಿದವರು. ಚಾಂಪಿಯನ್ ರೀಫ್ ಗಣಿ ಮೂರು ಕಿಲೋಮೀಟರಿಗೂ ಹೆಚ್ಚು ಆಳ. ಅಲ್ಲಿ ಬಂಡೆಯ ಬಿಸಿ 60 ಡಿಗ್ರಿ ದಾಟುತ್ತಿತ್ತು. ಅಂಥ ಕಡೆ ಗಾಳಿಯ ಕೊಳವೆ ಸೋರಿದರೆ ಕೆಲಸ ಮಾಡುವವನ ಉಸಿರೇ ಸೋರಿದಂತೆ. ಹಾಗಾಗಿ ಅವರ ಹೊಲಿಗೆಗೆ ಒಂದು ಹೆಸರಿತ್ತು. ಕನ್ನಡ, ತಮಿಳು ಎರಡನ್ನೂ ಒಂದೇ ವಾಕ್ಯದಲ್ಲಿ ಬೆರೆಸಿ ಮಾತಾಡುವುದು ಕೆಜಿಎಫ್‌ನಲ್ಲಿ ಸಹಜ. ಅವರೂ ಹಾಗೆಯೇ.

ಅವರು ಮೊದಲು ಮಾಡಿದ ಕೆಲಸ, ಹಳೇ ಹುಡ್ಡನ್ನು ಬಿಚ್ಚದೆ ಒಳಗೆ ಕೂತು ಬೆಳಕಿಗೆ ಹಿಡಿದು ನೋಡಿದ್ದು. “ಯಜಮಾನ್ರೇ, ಆಲಿಕಲ್ಲು ಅಂದ್ರಲ್ಲ, ಅದು ಆಮೇಲಿಂದು. ಬಟ್ಟೆ ಕಡಿದಿರೋದು ಕಂಬಿ,” ಎಂದರು. ಹುಡ್ಡಿನ ಕೆಳಗೆ ಕಮಾನಿನಂಥ ಕಬ್ಬಿಣದ ಕೊಳವೆಗಳಿರುತ್ತವೆ. ಹಿಂದಿನ ಕಮಾನು ಎಂದೋ ಬಗ್ಗಿ, ತುಕ್ಕು ಹಿಡಿದು, ಅದರ ಒರಟು ಅಂಚು ಪ್ರತಿ ಗುಂಡಿಯ ಕುಲುಕಿಗೂ ಬಟ್ಟೆಯನ್ನು ಉಜ್ಜುತ್ತಿತ್ತು. ಬಟ್ಟೆಯ ಮಾಡು ಹೋಗುವುದು ಮಳೆಗಿಂತ ಹೆಚ್ಚಾಗಿ ಹೀಗೆಯೇ. ಉಜ್ಜಿದಲ್ಲಿ ನೂಲು ಸವೆದು ತೆಳ್ಳಗಾಗಿರುತ್ತದೆ, ಆಮೇಲೆ ಯಾವುದೋ ಒಂದು ಗಾಳಿ ಮಳೆ ಬಂದು ಹೆಸರು ಕೆಡಿಸಿಕೊಳ್ಳುತ್ತದೆ.

“ಕಮಾನು ಇನ್ನೊಂದು ವರ್ಷ ಹೀಗೇ ಇರಲಿ, ಹುಡ್ಡು ಒಂದು ಹೊಲಿದುಕೊಡಿ,” ಎಂದರು ಅಪ್ಪ. ಮೇಸ್ತ್ರಿ ಒಪ್ಪಲಿಲ್ಲ. ಟಿಂಕರ್ ಹತ್ತಿರ ಹೋಗಿ ಕಮಾನು ನೆಟ್ಟಗೆ ಮಾಡಿಸಿ, ತುಕ್ಕು ಉಜ್ಜಿಸಿ, ಬಣ್ಣ ಹಚ್ಚಿಸಿ ತನ್ನಿ, ಆಮೇಲೆ ಅಳತೆ. ಕಮಾನಿಗೆ ಸುತ್ತಲು ಹಳೇ ಸೈಕಲ್ ಟ್ಯೂಬು ಅವರೇ ಕೊಡುತ್ತಾರಂತೆ. ಹೀಗೆ ಖರ್ಚಿಗೆ ಇನ್ನೂರು ರೂಪಾಯಿ ಸೇರಿತು. ಅಪ್ಪ ಗೊಣಗಿದರು. ನನ್ನ ಮಟ್ಟಿಗೆ ಮೇಸ್ತ್ರಿಗಳದ್ದೇ ಸರಿ. ಕೆಲಸ ಬಲ್ಲವನು ಗಿರಾಕಿಯ ಮಾತಿಗೆ ತಲೆ ಆಡಿಸಿದ್ದರೆ ಒಂದೇ ವರ್ಷದಲ್ಲಿ ಮತ್ತೊಂದು ಹುಡ್ಡು ಬೇಕಾಗುತ್ತಿತ್ತು.

ಇನ್ನು ಬಟ್ಟೆ. ಅಪ್ಪನಿಗೆ ರೆಕ್ಸಿನ್ ಮೇಲೆ ಕಣ್ಣು. ಹೊಳೆಯುತ್ತದೆ, ಒದ್ದೆ ಬಟ್ಟೆಯಲ್ಲಿ ಒರೆಸಿದರೆ ಹೊಸದಾಗುತ್ತದೆ, ನೀರಿನ ಹನಿ ಒಳಗಿಳಿಯುವುದಿಲ್ಲ. ಮೇಸ್ತ್ರಿ ಹೇಳಿದ್ದು: ರೆಕ್ಸಿನ್ ಎಂದರೆ ಬಟ್ಟೆಯ ಮೇಲೆ ಬಳಿದ ಪ್ಲಾಸ್ಟಿಕ್ಕು, ನಮ್ಮ ಬಿಸಿಲಿಗೆ ವರ್ಷಾನುಗಟ್ಟಲೆ ನಿಂತರೆ ಗಡುಸಾಗಿ ಮಡಿಕೆಯಲ್ಲಿ ಬಿರಿಯುತ್ತದೆ. ಮೇಣ ಹಾಕಿದ ಹತ್ತಿ ಕ್ಯಾನ್ವಾಸು ನೋಡಲು ಮಂಕು, ಆದರೆ ಉಸಿರಾಡುತ್ತದೆ. ಒದ್ದೆಯಾದಾಗ ಅದರ ನೂಲು ಉಬ್ಬಿ ಸಂದುಗಳನ್ನು ತಾನೇ ಮುಚ್ಚಿಕೊಳ್ಳುತ್ತದೆ. ವಾದ ಇತ್ಯರ್ಥವಾಗಲಿಲ್ಲ. ಅದನ್ನು ಇತ್ಯರ್ಥ ಮಾಡಿದವಳು ಅಕ್ಕ, ಅದೂ ಬೇರೊಂದು ದಾರಿಯಿಂದ.

ಅಳತೆಯ ದಿನ ಅವಳೂ ಬಂದಿದ್ದಳು. ಮೇಸ್ತ್ರಿ ಕಮಾನುಗಳನ್ನು ಎತ್ತಿ ನಿಲ್ಲಿಸಿ, ಪಟ್ಟಿಗಳನ್ನು ಬಿಗಿದು ಅಳೆದರು. ಚಾವಣಿಗೆ ಅಡ್ಡಲಾಗಿ 60 ಅಂಗುಲ ಬೇಕು, ಬಟ್ಟೆಯ ಪನ್ನ 36 ಅಂಗುಲ. ಎರಡು ಪನ್ನವನ್ನು ನಡುವೆ ಜೋಡಿಸಿದರೆ ಸುಲಭ. ಆದರೆ ಎರಡು ಕಮಾನಿನ ನಡುವೆ ಬಟ್ಟೆ ಜಗ್ಗಿ ನೀರು ನಿಲ್ಲುವುದು ಸರಿಯಾಗಿ ಆ ನಡುವೆಯೇ, ಹೊಲಿಗೆ ಅಲ್ಲಿರಬಾರದು. ಅದಕ್ಕೇ ಒಂದು ಇಡೀ ಪನ್ನ ನಡುವೆ, ಇನ್ನೊಂದನ್ನು ಸೀಳಿ ಎರಡು ಪಕ್ಕಕ್ಕೆ. ಜೋಡಿಸುವಾಗ ಮೇಲಿನ ತುಂಡು ಕೆಳಗಿನದರ ಮೇಲೆ ಬರಬೇಕು, ಹೆಂಚು ಹೊದಿಸಿದ ಹಾಗೆ. ಹೊಲಿಗೆ ತೀರಾ ಒತ್ತಾಗಿಯೂ ಇರಬಾರದು. ಅಂಚೆಚೀಟಿಯ ಅಂಚಿನ ತೂತುಗಳ ಹಾಗಾಗಿ ಅದೇ ಗೆರೆಗುಂಟ ಹರಿಯುತ್ತದೆ. ಇದನ್ನೆಲ್ಲ ಅವರು ನಮಗೆ ಪಾಠ ಮಾಡಲಿಲ್ಲ. ಅಕ್ಕ ಪ್ರತಿಯೊಂದಕ್ಕೂ “ಯಾಕೆ?” ಎಂದು ಕೇಳುತ್ತಿದ್ದಳು, ಅವರು ಬಾಯಲ್ಲಿ ದಾರ ಕಚ್ಚಿಕೊಂಡೇ ಉತ್ತರ ಹೇಳುತ್ತಿದ್ದರು.

ಹಿಂಬದಿಯ ಎರಡು ಪಕ್ಕದ ತುಂಡುಗಳು ಸಮಲಂಬದ ಆಕಾರ. ಮುಂದಿನ ಅಂಚು ನೇರ, ಹಿಂದಿನದು ಓರೆ. ಕೆಳಗೆ 54 ಅಂಗುಲ, ಮೇಲೆ 36, ಎತ್ತರ 34. ಒಂದರ ಮುಂದೊಂದು ಕತ್ತರಿಸಿದರೆ 108 ಅಂಗುಲ, ಅಂದರೆ ಮೂರು ಗಜ. ಅಕ್ಕ ನೋಟ್‌ಬುಕ್ಕಿನ ಹಾಳೆಯಲ್ಲಿ ಎರಡು ತುಂಡು ಕತ್ತರಿಸಿ, ಒಂದನ್ನು ತಲೆಕೆಳಗು ಮಾಡಿ, ಓರೆಗೆ ಓರೆ ಸೇರಿಸಿ ಇಟ್ಟಳು. ನೆಟ್ಟಗೆ ಆಯತ! 54 ಮತ್ತು 36 ಸೇರಿ 90 ಅಂಗುಲ, ಎರಡೂವರೆ ಗಜ.

ಮೇಸ್ತ್ರಿ ಕನ್ನಡಕ ಮೇಲೇರಿಸಿ ನೋಡಿದರು. “ಲೆಕ್ಕ ಸರಿ ಪಾಪಾ. ಆದರೆ ಎರಡೂ ಎಡಗಡೆ ತುಂಡೇ ಆಯ್ತಲ್ಲ. ಬಲಗಡೆಗೆ ಏನು ಹಾಕ್ತೀ?”

ಅಕ್ಕ ಸುಮ್ಮನಾದಳು. ಮನೆಯಲ್ಲಿ ಒಂದು ಕಾಗದ ಕತ್ತರಿಸಿ ನೋಡಿ, ನಿಮಗೂ ತಿಳಿಯುತ್ತದೆ. ತಿರುಗಿಸಿದ ತುಂಡು ತಿರುಗಿಸಿದ್ದಷ್ಟೇ, ಕನ್ನಡಿಯ ಬಿಂಬ ಆಗುವುದಿಲ್ಲ. ಬಲಗಡೆಗೆ ಹೊಂದಬೇಕಾದರೆ ಅದನ್ನು ಮಗುಚಿ ಹಾಕಬೇಕು, ಆಗ ಬಟ್ಟೆಯ ಒಳಮೈ ಹೊರಗೆ ಬರುತ್ತದೆ. ಅವಳು ಸ್ವಲ್ಪ ಹೊತ್ತು ಹಾಳೆಯನ್ನು ಅತ್ತಿತ್ತ ಮಗುಚಿ, “ಮೇಸ್ತ್ರೀ, ಕ್ಯಾನ್ವಾಸಿಗೆ ಒಳಮೈ ಹೊರಮೈ ಉಂಟಾ?” ಎಂದಳು. ಮೇಣದ ಕ್ಯಾನ್ವಾಸು ಎರಡು ಕಡೆಯೂ ಒಂದೇ. ರೆಕ್ಸಿನ್ನಿಗಾದರೆ ಒಂದು ಕಡೆ ಹೊಳಪು, ಇನ್ನೊಂದು ಕಡೆ ಬರೀ ಬಟ್ಟೆ. ಮೇಸ್ತ್ರಿ ಜೋರಾಗಿ ನಕ್ಕು ಅಪ್ಪನ ಕಡೆ ತಿರುಗಿದರು. “ಯಜಮಾನ್ರೇ, ನಿಮ್ಮ ರೆಕ್ಸಿನ್ ಕಥೆ ಮುಗೀತು.”

ಉಳಿದದ್ದು ಅರ್ಧ ಗಜ. ಅರ್ಧ ಗಜದಲ್ಲಿ ಫೀಸು ಹುಟ್ಟುವುದಿಲ್ಲ, ಅದು ಎಲ್ಲರಿಗೂ ಗೊತ್ತಿತ್ತು. ಆದರೆ ಆ ಸಂಜೆ ಅಪ್ಪ ಮನೆಗೆ ಬಂದು ಅಮ್ಮನಿಗೆ ಹೇಳಿದ್ದು ಒಂದೇ ಮಾತು: “ಆ ಆರು ಸಾವಿರ ಮುಟ್ಟಬೇಡ. ಇವಳು ಓದಲಿ.”

ಹಾಗಾದರೆ ಹುಡ್ಡಿನ ದುಡ್ಡು? ಅಮ್ಮನ ಬಳಿ ಮಕ್ಕಳ ಬಾಡಿಗೆ ಬರೆದಿಡುವ ಒಂದು ಉದ್ದದ ಪುಸ್ತಕವಿತ್ತು. ಮಾರನೆಯ ದಿನ ಅದನ್ನು ಕಂಕುಳಲ್ಲಿ ಇರಿಸಿಕೊಂಡು ಮೂರು ಹಳ್ಳಿಗೂ ನಡೆದಳು. ಜೂನ್, ಜುಲೈ ಎರಡು ತಿಂಗಳ ಬಾಡಿಗೆ ಮುಂಗಡ ಕೊಡಿ, ನಿಮ್ಮ ಮಕ್ಕಳ ಪುಸ್ತಕ ನೆನೆಯದಂತೆ ನೋಡಿಕೊಳ್ಳುತ್ತೇವೆ ಎಂದು ಕೇಳಿದಳು. ಬಿತ್ತನೆಯ ಕಾಲ, ಯಾರ ಕೈಯಲ್ಲೂ ದುಡ್ಡಿಲ್ಲ. ಆದರೂ ಕೆಲವರು ಪೂರ್ತಿ ಕೊಟ್ಟರು, ಕೆಲವರು ಅರ್ಧ. ರೇಷ್ಮೆ ಸಾಕುವ ಒಂದು ಮನೆಯವರು ಗೂಡು ಮಾರಿದ ಮೇಲೆ ಕೊಡುವೆವೆಂದು, ಮಾತಿನಂತೆ ಕೊಟ್ಟರು. ಒಬ್ಬ ತಂದೆ ಮಾತ್ರ, “ಮೊದಲು ಹುಡ್ಡು, ಆಮೇಲೆ ದುಡ್ಡು,” ಎಂದುಬಿಟ್ಟ. ಒಟ್ಟಾದದ್ದು ಎರಡು ಸಾವಿರ ಚಿಲ್ಲರೆ. ಬಾಕಿಯನ್ನು ಗೌರಿಹಬ್ಬದೊಳಗೆ ಕೊಟ್ಟರೆ ಸಾಕೆಂದು ಮೇಸ್ತ್ರಿ ಒಪ್ಪಿದರು.

ಹೊಲಿಗೆಗೆ ಐದು ದಿನ ಹಿಡಿಯಿತು. ಮೂಲೆಗಳಲ್ಲಿ ಬಟ್ಟೆ ನಾಲ್ಕು ಪದರ, ಅಲ್ಲಿ ಯಂತ್ರ ನಡೆಯದೆ ಡಬ್ಬಣದಲ್ಲಿ ಕೈಹೊಲಿಗೆ. ದಾರಕ್ಕೆ ಜೇನುಮೇಣ ಉಜ್ಜಿಕೊಡುವುದು ನನ್ನ ಪಾಲಿನ ಕೆಲಸ. ಹಿಂದಿನ ಕಿಟಕಿಗೆ ಪಾರದರ್ಶಕ ಪ್ಲಾಸ್ಟಿಕ್ ಹಾಳೆ. ಅದನ್ನು ಎಂದೂ ಒಣಬಟ್ಟೆಯಲ್ಲಿ ಒರೆಸಬಾರದು, ಸೀಮೆಎಣ್ಣೆ ಸೋಕಿಸಬಾರದು, ಮಡಚಿ ಇಡಬಾರದು ಎಂಬ ಕಟ್ಟಪ್ಪಣೆ. ಜಪಾನಿನ ಮಜ್ದಾ ಕಂಪೆನಿ 1989ರಲ್ಲಿ ತಂದ ಎಂಎಕ್ಸ್-5 ಎಂಬ ಪುಟ್ಟ ಸ್ಪೋರ್ಟ್ಸ್ ಕಾರಿನಲ್ಲೂ ಮಾಡು ಇಳಿಸುವ ಮೊದಲು ಹಿಂದಿನ ಪ್ಲಾಸ್ಟಿಕ್ ಕಿಟಕಿಯ ಜಿಪ್ಪು ಬಿಚ್ಚಬೇಕಿತ್ತು ಎಂದು ಎಷ್ಟೋ ವರ್ಷಗಳ ಮೇಲೆ ಓದಿದೆ. ಊರಿಗಾಂ ಮೇಸ್ತ್ರಿಗೂ ಜಪಾನಿನವರಿಗೂ ತಲೆನೋವು ಒಂದೇ.

ಶಾಲೆ ತೆರೆದ ಒಂದು ವಾರಕ್ಕೆ ಮೃಗಶಿರ ಮಳೆ ಹಿಡಿಯಿತು. ನಾನೂ ಜೀಪಿನಲ್ಲಿದ್ದೆ. ಬೆಮೆಲ್ ನಗರ ದಾಟುವಷ್ಟರಲ್ಲಿ ಎಡಪಕ್ಕದ ಹೊಲಿಗೆಯಿಂದ ಹನಿ ಹನಿ ಇಳಿದು ಒಬ್ಬ ಹುಡುಗನ ಕಾಪಿಪುಸ್ತಕದ ಮೇಲೆ ಬಿತ್ತು. ಅಪ್ಪನ ಮುಖ ಕಪ್ಪಿಟ್ಟಿತು. ಮಕ್ಕಳನ್ನು ಇಳಿಸಿದವರೇ ನೇರ ಮೇಸ್ತ್ರಿಯ ಮನೆಗೆ ಗಾಡಿ ಬಿಟ್ಟರು. ಮೇಸ್ತ್ರಿ ಹೊಲಿಗೆಯ ಮೇಲೆ ಬೆರಳಾಡಿಸಿ, “ಹೊಸ ಬಟ್ಟೆ, ಹೊಸ ದಾರ. ಮೂರು ಸಲ ನೆನೆದು ಒಣಗಲಿ, ದಾರ ಉಬ್ಬಿ ತೂತು ಮುಚ್ಕೊಳ್ತದೆ. ಆಮೇಲೂ ಸೋರಿದರೆ ಬಾಕಿ ದುಡ್ಡು ಕೊಡಬೇಡಿ,” ಎಂದರು.

ನಾಲ್ಕನೆಯ ಮಳೆಗೆ ಒಂದು ಹನಿಯೂ ಬೀಳಲಿಲ್ಲ. ‘ಮೊದಲು ಹುಡ್ಡು’ ಎಂದಿದ್ದ ಆ ತಂದೆ ಅವತ್ತು ಸಂಜೆ ಮಗನನ್ನು ಇಳಿಸಿಕೊಳ್ಳಲು ಬಂದವನು ಬಗ್ಗಿ ಜೀಪಿನೊಳಗೆ ನೋಡಿದ, ಸೀಟಿನ ಮೇಲೆ ಕೈಯಿಟ್ಟು ಒಣಗಿದೆಯೇ ಎಂದು ಪರೀಕ್ಷಿಸಿದ. ಏನೂ ಮಾತಾಡದೆ ಎರಡು ತಿಂಗಳ ಬಾಡಿಗೆ ಎಣಿಸಿ ಅಪ್ಪನ ಕೈಗಿಟ್ಟ. ಅಕ್ಕನಿಗೆ ಬೆಂಗಳೂರಿನಲ್ಲಿ ಫ್ರೀ ಸೀಟು ಸಿಕ್ಕಿತು. ಅವಳು ಹಾಸ್ಟೆಲಿಗೆ ಹೊರಟಾಗ ಬಂಗಾರಪೇಟೆ ಸ್ಟೇಷನ್‌ವರೆಗೆ ಟ್ರಂಕು ಹೊತ್ತದ್ದು ಅದೇ ಜೀಪು. ದಾರಿಯಲ್ಲಿ ಮೇಸ್ತ್ರಿಯ ಬಾಕಿ ಕೊಡಲು ನಿಲ್ಲಿಸಿದಾಗ ಅವರು ಒಳಗಿನಿಂದ ಹಸಿರು ಕ್ಯಾನ್ವಾಸಿನ ಒಂದು ಚೀಲ ತಂದು ಅವಳಿಗೆ ಕೊಟ್ಟರು. “ನಿನ್ನದೇ ಅರ್ಧ ಗಜ ಪಾಪಾ,” ಎಂದರು.